ಬೇರಿಂಗಿಗೆ ಗ್ರೀಸ್ ಎಷ್ಟು ಬೇಕು?

ನುಣುಪಾಗಿ ಕಾಣುವ ಲೋಹದ ಮೇಲ್ಮೈಯಲ್ಲಿಯೂ ಸೂಕ್ಷ್ಮ ಉಬ್ಬುತಗ್ಗುಗಳಿರುತ್ತವೆ. ಅಂತಹ ಎರಡು ಮೇಲ್ಮೈಗಳು ಉಜ್ಜಿದಾಗ ಘರ್ಷಣೆಯಿಂದ ಶಾಖವೂ ಸವೆತವೂ ಉಂಟಾಗುತ್ತವೆ. ನಡುವೆ ಎಣ್ಣೆಯ ತೆಳುಪದರವಿದ್ದರೆ ಇವೆರಡೂ ತಗ್ಗುತ್ತವೆ. 1966ರಲ್ಲಿ ಬ್ರಿಟನ್ನಿನ ಜೋಸ್ಟ್ ಸಮಿತಿಯು, ಈ ವಿಷಯದಲ್ಲಿ ಎಚ್ಚರ ವಹಿಸಿದರೆ ಆ ದೇಶದ ಉದ್ಯಮಗಳಿಗೆ ವರ್ಷಕ್ಕೆ 51.5 ಕೋಟಿ ಪೌಂಡ್ ಉಳಿಯುವುದೆಂದು ಅಂದಾಜಿಸಿತ್ತು.

ಆದರೆ ಗ್ರೀಸ್ ಹೆಚ್ಚಾದಷ್ಟೂ ಒಳಿತೆಂಬುದು ತಪ್ಪು ತಿಳಿವಳಿಕೆ. ಬೇರಿಂಗಿನಲ್ಲಿ ಕಿಕ್ಕಿರಿದ ಗ್ರೀಸನ್ನು ಗುಂಡುಗಳು ಸತತವಾಗಿ ಕಡೆಯುವುದರಿಂದ ಶಾಖವೇರಿ, ಗ್ರೀಸಿನಿಂದ ಎಣ್ಣೆ ಬೇರ್ಪಡುತ್ತದೆ, ಸೀಲೂ ಕೆಡಬಹುದು. ಸಾಮಾನ್ಯ ವೇಗದ ಯಂತ್ರಗಳಲ್ಲಿ ಬೇರಿಂಗ್ ಗೂಡಿನ ಖಾಲಿ ಜಾಗದ ಮೂರನೇ ಒಂದು ಭಾಗದಿಂದ ಅರ್ಧದವರೆಗೆ ತುಂಬಿದರೆ ಸಾಕು. ಒಂದಕ್ಕೊಂದು ಹೊಂದದ ಗ್ರೀಸ್‌ಗಳನ್ನು ಬೆರೆಸಬಾರದು. ಡಬ್ಬಿಗೆ ಧೂಳು ಸೇರಬಾರದು. ಈ ಎಚ್ಚರಕ್ಕೆ ಬಂಡವಾಳ ಬೇಡ; ಬೇರಿಂಗಿನ ಬೆಲೆಯೊಡನೆ ಯಂತ್ರ ನಿಂತ ದಿನದ ನಷ್ಟವೂ ತಪ್ಪುತ್ತದೆ.