ಮನೆಯಲ್ಲಿ ಕೋಳಿಮೊಟ್ಟೆಗಳ ಸುರಕ್ಷಿತ ಸಂಗ್ರಹಣೆ: ಗ್ರಾಮ ಪಂಚಾಯಿತಿ ಸದಸ್ಯರ ಅವಗಾಹನೆಗಾಗಿ



ನಮ್ಮ ಗ್ರಾಮಗಳ ಮಕ್ಕಳು ಹಾಗೂ ತಾಯಂದಿರ ಆಹಾರದಲ್ಲಿ ಕೋಳಿಮೊಟ್ಟೆಯು ಇಂದು ನಿಯತ ಸ್ಥಾನ ಪಡೆದಿದೆ. 2017ರ ಅಕ್ಟೋಬರ್ 2ರಂದು ರಾಜ್ಯದಾದ್ಯಂತ ಆರಂಭವಾದ ಮಾತೃಪೂರ್ಣ ಯೋಜನೆಯಲ್ಲಿ ಗರ್ಭಿಣಿಯರಿಗೂ ಬಾಣಂತಿಯರಿಗೂ ಅಂಗನವಾಡಿಯ ಬಿಸಿಯೂಟದೊಂದಿಗೆ ಮೊಟ್ಟೆ ನೀಡಲಾಗುತ್ತಿದೆ. 2021ರ ಡಿಸೆಂಬರ್‌ನಲ್ಲಿ ಕಲ್ಯಾಣ ಕರ್ನಾಟಕದ ಶಾಲೆಗಳಲ್ಲಿ ಆರಂಭವಾದ ಮೊಟ್ಟೆ ವಿತರಣೆಯು ಬಳಿಕ ಎಲ್ಲ ಜಿಲ್ಲೆಗಳಿಗೂ ವಿಸ್ತರಿಸಿತು. 2024ರ ಸೆಪ್ಟೆಂಬರ್‌ನಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್‌ನ ನೆರವಿನಿಂದ ಅದು ವಾರದ ಆರು ದಿನಗಳ ಕಾರ್ಯಕ್ರಮವಾಯಿತು. ಕಾಡಂಚಿನ ಬುಡಕಟ್ಟು ಕುಟುಂಬಗಳಿಗೆ ಪರಿಶಿಷ್ಟ ಪಂಗಡಗಳ ಕಲ್ಯಾಣ ಇಲಾಖೆಯ ಮೂಲಕ ವಿತರಣೆಯಾಗುವ ಪೌಷ್ಟಿಕ ಆಹಾರದಲ್ಲಿಯೂ ಬೇಳೆ, ಬೆಲ್ಲ, ಎಣ್ಣೆ, ತುಪ್ಪಗಳೊಂದಿಗೆ ಮೊಟ್ಟೆಗಳು ಸೇರಿವೆ.

ಶಾಲೆಯಲ್ಲಿ ಮತ್ತು ಅಂಗನವಾಡಿಯಲ್ಲಿ ಬೇಯಿಸಿ ಬಡಿಸುವ ಮೊಟ್ಟೆಗೆ ಒಂದು ಮಟ್ಟದ ಮೇಲ್ವಿಚಾರಣೆಯಿದೆ. ಮನೆಗೆ ಬಂದ ಮೊಟ್ಟೆಗೆ ಅದಿಲ್ಲ. ಹಂಗಳ ಹೋಬಳಿಯ ಪರಿಸ್ಥಿತಿಯನ್ನೇ ಗಮನಿಸಬಹುದು. ಬಂಡೀಪುರ ಅರಣ್ಯಕ್ಕೆ ಹೊಂದಿಕೊಂಡಿರುವ ಈ ಭಾಗದ ಹಾಡಿಗಳಲ್ಲಿಯೂ ಕೂಲಿ ಕುಟುಂಬಗಳ ಮನೆಗಳಲ್ಲಿಯೂ ಫ್ರಿಜ್ ಇರುವುದು ಅಪರೂಪ. ಇಂತಹ ಮನೆಗೆ ಹಲವು ದಿನಗಳಿಗೆ ಸಾಲುವಷ್ಟು ಮೊಟ್ಟೆಗಳು ಒಂದೇ ಬಾರಿಗೆ ಬಂದಾಗ ಅವುಗಳನ್ನು ಎಲ್ಲಿಡಬೇಕು, ಎಷ್ಟು ದಿನ ಇಡಬಹುದು, ಯಾವುದನ್ನು ಬಿಸುಡಬೇಕು ಎಂಬ ತಿಳಿವಳಿಕೆ ಅತ್ಯವಶ್ಯ. ಕೆಟ್ಟ ಮೊಟ್ಟೆಯಿಂದ ಒಂದು ಮಗುವಿಗೆ ವಾಂತಿಭೇದಿಯಾದರೆ ಆ ಮನೆಯವರು ಮಾತ್ರವಲ್ಲ, ನೆರೆಹೊರೆಯವರೂ ಮೊಟ್ಟೆಯನ್ನು ದೂರವಿಡಲು ತೊಡಗುತ್ತಾರೆ. ಅತಿ ಅಗತ್ಯವಿರುವ ಮಕ್ಕಳಿಂದಲೇ ಪೌಷ್ಟಿಕಾಂಶ ದೂರವಾಗುತ್ತದೆ. ಈ ಕಾರಣದಿಂದ ವಿಷಯವನ್ನು ಇಲ್ಲಿ ವಿವರಿಸಲಾಗಿದೆ.

ಮೊಟ್ಟೆ ಕೆಡುವುದು ಹೇಗೆ?

ಮೊಟ್ಟೆಯ ಚಿಪ್ಪು ಗಟ್ಟಿಯಾಗಿ ಕಂಡರೂ ಅದರಲ್ಲಿ ಸಾವಿರಾರು ಸೂಕ್ಷ್ಮ ರಂಧ್ರಗಳಿವೆ. ಕೋಳಿ ಮೊಟ್ಟೆಯಿಡುವಾಗ ಈ ರಂಧ್ರಗಳನ್ನು ಮುಚ್ಚುವಂತೆ ಒಂದು ತೆಳುವಾದ ಲೇಪವು ಚಿಪ್ಪಿನ ಮೇಲೆ ಒಣಗಿ ಕೂರುತ್ತದೆ. ಇದು ಮೊಟ್ಟೆಗೆ ಪ್ರಕೃತಿಯೇ ಕೊಟ್ಟ ಮೊದಲ ರಕ್ಷಣೆ. ಎರಡನೆಯ ರಕ್ಷಣೆ ಬಿಳಿಯ ಲೋಳೆ. ಅದರಲ್ಲಿ ರೋಗಾಣುಗಳ ಬೆಳವಣಿಗೆಯನ್ನು ತಡೆಯುವ ಅಂಶಗಳಿವೆ. ರೋಗಾಣುಗಳಿಗೆ ಬೇಕಾದ ಆಹಾರವೆಲ್ಲ ಹಳದಿ ಭಾಗದಲ್ಲಿದೆ. ಅದನ್ನು ಒಂದು ತೆಳುಪೊರೆ ಸುತ್ತುವರಿದಿದೆ.

ದಿನಗಳು ಕಳೆದಂತೆ, ಅದರಲ್ಲಿಯೂ ಬಿಸಿಯಾದ ಸ್ಥಳದಲ್ಲಿ, ಲೋಳೆಯು ನೀರಾಗುತ್ತದೆ ಮತ್ತು ಹಳದಿಯ ಪೊರೆ ದುರ್ಬಲವಾಗುತ್ತದೆ. ಆಗ ಒಳಸೇರಿದ ರೋಗಾಣುಗಳಿಗೆ ಹಳದಿ ಭಾಗವು ಸುಲಭವಾಗಿ ದೊರೆಯುತ್ತದೆ. ಇವುಗಳಲ್ಲಿ ಮುಖ್ಯವಾದುದು ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾ. ಅದು ಕೋಳಿಯ ಹಿಕ್ಕೆಯಿಂದ ಚಿಪ್ಪಿಗೆ ಅಂಟಿರಬಹುದು. ಕೆಲವೊಮ್ಮೆ ಸೋಂಕಿತ ಕೋಳಿಯ ದೇಹದಿಂದಲೇ ಮೊಟ್ಟೆಯ ಒಳಗೂ ಬಂದಿರಬಹುದು. ಫ್ರಿಜ್‌ನ ತಂಪಿನಲ್ಲಿ ಅದರ ಬೆಳವಣಿಗೆ ಬಹುತೇಕ ನಿಲ್ಲುತ್ತದೆ. ಬೇಸಿಗೆಯ ಕೋಣೆಯ ಉಷ್ಣತೆಯಲ್ಲಿ ವೇಗವಾಗಿ ವೃದ್ಧಿಸುತ್ತದೆ. ಚೆನ್ನಾಗಿ ಬೇಯಿಸಿದಾಗ ಸಾಯುತ್ತದೆ.

ಆದ್ದರಿಂದ ಸಂಗ್ರಹಣೆಯ ನಿಯಮಗಳೆಲ್ಲವೂ ಮೂರು ಮಾತುಗಳಲ್ಲಿ ಅಡಗಿವೆ: ತಂಪು, ಒಣಗಿದ ಚಿಪ್ಪು, ಕಡಿಮೆ ದಿನ.

ತೊಳೆಯಬೇಕೆ, ಬೇಡವೆ?

ಮೊಟ್ಟೆ ತಂದ ಕೂಡಲೇ ನೀರಿನಲ್ಲಿ ತೊಳೆದಿಡುವುದು ಶುಚಿತ್ವವೆಂದು ಅನೇಕರು ಭಾವಿಸಿದ್ದಾರೆ. ವಾಸ್ತವವಾಗಿ ಇದರಿಂದ ಹಾನಿಯೇ ಹೆಚ್ಚು. ತೊಳೆದಾಗ ಚಿಪ್ಪಿನ ರಕ್ಷಣಾ ಲೇಪ ಕಳೆದುಹೋಗುತ್ತದೆ. ಮೊಟ್ಟೆಗಿಂತ ನೀರು ತಣ್ಣಗಿದ್ದರೆ ಒಳಭಾಗ ಕುಗ್ಗಿ, ಮೇಲಿನ ಕೊಳೆಯನ್ನು ನೀರಿನೊಂದಿಗೆ ರಂಧ್ರಗಳ ಮೂಲಕ ಒಳಗೆ ಎಳೆದುಕೊಳ್ಳುತ್ತದೆ. ಅಮೆರಿಕದಲ್ಲಿ ಮೊಟ್ಟೆಗಳನ್ನು ತೊಳೆದು ಮಾರುವ ಪದ್ಧತಿಯಿದೆ. ಆದರೆ ಅಲ್ಲಿ ತೊಳೆದ ಕ್ಷಣದಿಂದ ಮನೆ ತಲುಪುವವರೆಗೆ ಶೀತಲ ವ್ಯವಸ್ಥೆಯಲ್ಲಿಯೇ ಇಡಲಾಗುತ್ತದೆ. ಯುರೋಪಿನ ದೇಶಗಳಲ್ಲಿ ಸಾಮಾನ್ಯವಾಗಿ ತೊಳೆಯದೆಯೇ ಮಾರುತ್ತಾರೆ. ಅಂಗಡಿಯಲ್ಲಿ ಹೊರಗೇ ಇಟ್ಟು ಮಾರುವ ನಮ್ಮ ಪರಿಸ್ಥಿತಿಗೆ ತೊಳೆಯದಿರುವುದೇ ಸೂಕ್ತ.

ಹಿಕ್ಕೆ ಅಥವಾ ಮಣ್ಣು ಅಂಟಿದ್ದರೆ ಒಣಬಟ್ಟೆಯಿಂದ ಮೆಲ್ಲಗೆ ಒರೆಸಬೇಕು. ಹೆಚ್ಚು ಕೊಳೆಯಾದ ಮೊಟ್ಟೆಯನ್ನು ಸಂಗ್ರಹಿಸದೆ, ಅಂದೇ ತೊಳೆದು, ಕೂಡಲೇ ಚೆನ್ನಾಗಿ ಬೇಯಿಸಿ ಬಳಸಬೇಕು. ಉಳಿದ ಮೊಟ್ಟೆಗಳನ್ನು ತೊಳೆಯುವುದಿದ್ದರೆ ಬೇಯಿಸಲು ಹಾಕುವ ಮುನ್ನವಷ್ಟೇ ತೊಳೆಯಬೇಕು. ಮೊಟ್ಟೆ ಮುಟ್ಟಿದ ಬಳಿಕ ಸಾಬೂನಿನಿಂದ ಕೈ ತೊಳೆಯುವುದು ಕಡ್ಡಾಯವೆಂದು ತಿಳಿಯಬೇಕು.

ಫ್ರಿಜ್ ಇಲ್ಲದ ಮನೆಗಳಲ್ಲಿ

1. ಮೊಟ್ಟೆಗಳನ್ನು ಮನೆಯ ಅತ್ಯಂತ ತಂಪಾದ, ನೆರಳಿನ, ಗಾಳಿಯಾಡುವ ಮೂಲೆಯಲ್ಲಿಡಬೇಕು. ಸೌದೆ ಒಲೆಯ ಮೇಲಿನ ಅಟ್ಟ, ತಗಡಿನ ಚಾವಣಿಗೆ ಸಮೀಪದ ಗೂಡು, ಬಿಸಿಲು ಬೀಳುವ ಕಿಟಕಿ ಇವು ಸೂಕ್ತವಲ್ಲ.

2. ಮೊಟ್ಟೆಯ ಅಗಲವಾದ ತುದಿ ಮೇಲಕ್ಕಿರಬೇಕು. ಗಾಳಿಯ ಕೋಶವು ಆ ತುದಿಯಲ್ಲಿರುತ್ತದೆ. ಹೀಗಿಟ್ಟರೆ ಹಳದಿಯು ನಡುವೆ ನಿಂತು ಚಿಪ್ಪಿಗೆ ಅಂಟಿಕೊಳ್ಳುವುದಿಲ್ಲ.

3. ಸೀಮೆಎಣ್ಣೆ, ಕೀಟನಾಶಕ, ಗೊಬ್ಬರ, ಬೆಳ್ಳುಳ್ಳಿ, ಒಣಮೀನುಗಳ ಸಮೀಪ ಇಡಬಾರದು. ರಂಧ್ರಗಳ ಮೂಲಕ ವಾಸನೆಯೂ ಒಳಸೇರುತ್ತದೆ.

4. ಮೊಟ್ಟೆ ಬಂದ ದಿನಾಂಕವನ್ನು ಪೆನ್ಸಿಲ್‌ನಿಂದ ಚಿಪ್ಪಿನ ಮೇಲೆ ಬರೆಯಬೇಕು. ಮೊದಲು ಬಂದುದನ್ನು ಮೊದಲು ಬಳಸಬೇಕು. ಹೊಸದನ್ನು ಹಳೆಯದರ ಮೇಲೆ ಪೇರಿಸಬಾರದು.

5. ಮಾರ್ಚ್‌ನಿಂದ ಮೇ ತಿಂಗಳವರೆಗಿನ ಬಿಸಿಲುಗಾಲದಲ್ಲಿ ನಾಲ್ಕೈದು ದಿನಗಳೊಳಗೆ, ತಂಪುಗಾಲದಲ್ಲಿ ಸುಮಾರು ಒಂದು ವಾರದೊಳಗೆ ಬಳಸಿ ಮುಗಿಸುವುದು ಕ್ಷೇಮಕರ. ಅಂಗಡಿಯ ಮೊಟ್ಟೆಯು ನಾಮಕ್ಕಲ್‌ನಂತಹ ದೂರದ ಕೋಳಿಸಾಕಣೆ ಕೇಂದ್ರಗಳಿಂದ ಬಂದಿರಬಹುದು. ನಮ್ಮ ಕೈ ಸೇರುವ ವೇಳೆಗೆ ಅದಕ್ಕೆ ಕೆಲವು ದಿನಗಳಾಗಿರುತ್ತವೆ ಎಂಬುದನ್ನು ಮರೆಯಬಾರದು.

ಧಾನ್ಯದ ಮಡಕೆಯಲ್ಲಿ ಮೊಟ್ಟೆಯನ್ನು ಹುದುಗಿಸಿಡುವ ರೂಢಿ ಕೆಲವು ಮನೆಗಳಲ್ಲಿದೆ. ಇದರಿಂದ ಮೊಟ್ಟೆ ಒಡೆಯುವುದಿಲ್ಲ, ಉಷ್ಣತೆಯ ಏರಿಳಿತವೂ ತಗ್ಗುತ್ತದೆ. ಆದರೆ ಮೊಟ್ಟೆ ತಂಪಾಗುವುದಿಲ್ಲ, ಚಿಪ್ಪಿನ ಕೊಳೆಯು ಊಟದ ಧಾನ್ಯಕ್ಕೆ ತಗಲುತ್ತದೆ. ಈ ರೂಢಿಯನ್ನು ಮುಂದುವರಿಸುವವರು ಊಟಕ್ಕೆ ಬಳಸುವ ಧಾನ್ಯದ ಬದಲು ಒಣಗಿದ ಭತ್ತದ ಹೊಟ್ಟನ್ನು ಬಳಸಬೇಕು.

ಮಡಕೆಯ ತಂಪು ಪೆಟ್ಟಿಗೆ

ಕಡಿಮೆ ಖರ್ಚಿನಲ್ಲಿ ಯಾರು ಬೇಕಾದರೂ ಮಾಡಿಕೊಳ್ಳಬಹುದಾದ ಉಪಾಯವೊಂದಿದೆ. ಅಗಲ ಬಾಯಿಯ ದೊಡ್ಡ ಮಣ್ಣಿನ ಪಾತ್ರೆಯ ತಳದಲ್ಲಿ ಎರಡು ಮೂರು ಅಂಗುಲ ಮರಳು ಹರಡಬೇಕು. ಅದರ ಮೇಲೆ ಚಿಕ್ಕ ಮಣ್ಣಿನ ಮಡಕೆಯೊಂದನ್ನು ಇರಿಸಿ, ಎರಡರ ನಡುವಿನ ಜಾಗಕ್ಕೆ ಮರಳು ತುಂಬಬೇಕು. ಬೆಳಿಗ್ಗೆ ಮತ್ತು ಸಂಜೆ ಮರಳಿಗೆ ನೀರು ಚಿಮುಕಿಸಬೇಕು. ಒಳಮಡಕೆಯ ತಳದಲ್ಲಿ ಒಣ ಹೊಟ್ಟು ಅಥವಾ ಬಟ್ಟೆ ಹಾಸಿ ಮೊಟ್ಟೆಗಳನ್ನಿಟ್ಟು, ಬಿದಿರಿನ ಬುಟ್ಟಿ ಅಥವಾ ತೆಳುಬಟ್ಟೆಯಿಂದ ಮುಚ್ಚಬೇಕು.

ಮರಳಿನ ನೀರು ಆವಿಯಾಗುವಾಗ ಮಡಕೆಯ ಶಾಖವನ್ನು ಹೀರಿಕೊಳ್ಳುತ್ತದೆ. ಮಣ್ಣಿನ ಹೂಜಿಯ ನೀರು ತಂಪಾಗುವ ತತ್ತ್ವವೇ ಇದು. ಎರಡು ಎಚ್ಚರಿಕೆಗಳು ಅಗತ್ಯ. ಮೊದಲನೆಯದಾಗಿ, ನೀರು ಮೊಟ್ಟೆಗೆ ತಾಗಬಾರದು, ಏಕೆಂದರೆ ಒದ್ದೆ ಚಿಪ್ಪು ರೋಗಾಣುಗಳಿಗೆ ದಾರಿ. ಎರಡನೆಯದಾಗಿ, ಈ ವಿಧಾನ ಒಣಹವೆಯ ಬೇಸಿಗೆಗೆ ಮಾತ್ರ ಹೆಚ್ಚು ಫಲಕಾರಿ. ಗೋಪಾಲಸ್ವಾಮಿ ಬೆಟ್ಟದ ತಪ್ಪಲಿನಲ್ಲಿ ಮಳೆಗಾಲದ ತೇವದ ಗಾಳಿಯಿರುವಾಗ ನೀರು ಆವಿಯಾಗುವುದು ಕಡಿಮೆ. ಆ ದಿನಗಳಲ್ಲಿ ಬೂಷ್ಟು ತಡೆಯಲು ಮೊಟ್ಟೆಗಳನ್ನು ಒಣಗಿದ, ಗಾಳಿಯಾಡುವ ಬುಟ್ಟಿಯಲ್ಲಿಡುವುದೇ ಲೇಸು.

ಫ್ರಿಜ್ ಇರುವ ಮನೆಗಳಲ್ಲಿ

ಬಾಗಿಲಿನಲ್ಲಿ ಮೊಟ್ಟೆಗೆಂದೇ ಗುಳಿಗಳಿದ್ದರೂ ಅಲ್ಲಿ ಇಡುವುದು ಒಳ್ಳೆಯದಲ್ಲ. ಪ್ರತಿ ಬಾರಿ ತೆರೆದಾಗಲೂ ಆ ಭಾಗ ಬಿಸಿಯಾಗುತ್ತದೆ. ಒಳಭಾಗದ ತಟ್ಟೆಯಲ್ಲಿ, ಮುಚ್ಚಳವಿರುವ ಡಬ್ಬಿಯಲ್ಲಿ, ಬೇಯಿಸಿದ ಆಹಾರದಿಂದ ಪ್ರತ್ಯೇಕವಾಗಿ ಇಡಬೇಕು. ಹೀಗಿಟ್ಟ ಮೊಟ್ಟೆಯನ್ನು ಮೂರು ವಾರಗಳವರೆಗೆ ಬಳಸಬಹುದು. ಒಮ್ಮೆ ತಂಪಾದ ಮೊಟ್ಟೆಯನ್ನು ಹೊರತೆಗೆದು ಬಹಳ ಹೊತ್ತು ಬಿಡಬಾರದು. ಚಿಪ್ಪಿನ ಮೇಲೆ ನೀರಹನಿ ಮೂಡಿ ರೋಗಾಣುಗಳು ಒಳನುಗ್ಗಲು ಅನುಕೂಲವಾಗುತ್ತದೆ. ಎರಡು ಗಂಟೆಗಳೊಳಗೆ ಬಳಸುವುದು ಉತ್ತಮ. ವಿದ್ಯುತ್ ಕಡಿತವಾದಾಗ ಬಾಗಿಲು ತೆರೆಯದಿದ್ದರೆ ಸುಮಾರು ನಾಲ್ಕು ಗಂಟೆ ತಂಪು ಉಳಿಯುತ್ತದೆ.

ಬೇಯಿಸಿದ ಮೊಟ್ಟೆ ಬೇಗ ಕೆಡುತ್ತದೆ

ಈ ಅಂಶವನ್ನು ಸದಸ್ಯರು ವಿಶೇಷವಾಗಿ ಪ್ರಚುರಪಡಿಸಬೇಕೆಂದು ಕೋರಲಾಗಿದೆ. ಬೆಂದ ಮೊಟ್ಟೆ ಹಸಿ ಮೊಟ್ಟೆಗಿಂತ ಹೆಚ್ಚು ದಿನ ಇರುತ್ತದೆ ಎಂಬ ನಂಬಿಕೆ ತಪ್ಪು. ಬೇಯಿಸಿದಾಗ ಚಿಪ್ಪಿನ ರಕ್ಷಣಾ ಲೇಪವೂ ಲೋಳೆಯ ರೋಗನಿರೋಧಕ ಗುಣವೂ ನಾಶವಾಗುತ್ತವೆ. ಹೊರಗಿಟ್ಟ ಬೆಂದ ಮೊಟ್ಟೆಯನ್ನು ಎರಡು ಗಂಟೆಗಳೊಳಗೆ ತಿನ್ನಬೇಕು. ಫ್ರಿಜ್‌ನಲ್ಲಿ, ಸುಲಿಯದೆ ಇಟ್ಟರೆ, ಒಂದು ವಾರ ಇಡಬಹುದು. ಬೆಳಿಗ್ಗೆ ಬೇಯಿಸಿದ ಮೊಟ್ಟೆಯನ್ನು ಹೊಲದ ಬುತ್ತಿಗೆ ಕಟ್ಟಿ, ಉಳಿದುದನ್ನು ಸಂಜೆ ಮಕ್ಕಳಿಗೆ ಕೊಡುವುದು ಅಪಾಯಕರ.

ನೀರು ಕುದಿಯಲು ತೊಡಗಿದ ಬಳಿಕ 10ರಿಂದ 12 ನಿಮಿಷ ಬೇಯಿಸಿದರೆ ಹಳದಿ ಪೂರ್ಣ ಗಟ್ಟಿಯಾಗುತ್ತದೆ. ತಣಿಸಲು ಕುಡಿಯಲು ಯೋಗ್ಯವಾದ ನೀರನ್ನೇ ಬಳಸಬೇಕು. ಬಿಸಿ ಮೊಟ್ಟೆಯು ತಣಿಯುವಾಗ ಆ ನೀರಿನ ಅಂಶವನ್ನು ಒಳಗೆಳೆದುಕೊಳ್ಳುತ್ತದೆ. ಬಾಣಂತಿಯರಿಗೂ ಮಕ್ಕಳಿಗೂ ಶಕ್ತಿ ಬರಲೆಂದು ಹಸಿ ಮೊಟ್ಟೆಯನ್ನು ಹಾಲಿನಲ್ಲಿ ಕಲಸಿ ಕೊಡುವ ರೂಢಿಯನ್ನು ಬಿಡಿಸಬೇಕು. ರೋಗಾಣುಗಳ ಅಪಾಯದ ಜೊತೆಗೆ, ಹಸಿ ಮೊಟ್ಟೆಯ ಪ್ರೋಟೀನ್ ಬೆಂದ ಮೊಟ್ಟೆಯದರಷ್ಟು ಚೆನ್ನಾಗಿ ಜೀರ್ಣವಾಗುವುದಿಲ್ಲ.

ನಾಟಿಕೋಳಿ ಸಾಕುವವರಿಗೆ

ಗೂಡಿನ ಹುಲ್ಲು ಒಣಗಿ ಶುಚಿಯಾಗಿರಬೇಕು. ಮೊಟ್ಟೆಗಳನ್ನು ದಿನಕ್ಕೆ ಎರಡು ಬಾರಿ ಆರಿಸಿಕೊಳ್ಳಬೇಕು. ಹುಂಜ ಜೊತೆಯಲ್ಲಿರುವ ಕೋಳಿಗಳ ಮೊಟ್ಟೆಯಲ್ಲಿ ಬಿಸಿಹವೆಗೆ ಭ್ರೂಣದ ಬೆಳವಣಿಗೆ ಆರಂಭವಾಗುವುದರಿಂದ ಅವು ಬೇಗ ಕೆಡುತ್ತವೆ. ಕಾವಿಗೆ ಕೂತ ಕೋಳಿಯ ಕೆಳಗಿನಿಂದ ತೆಗೆದ ಮೊಟ್ಟೆಯನ್ನು ಊಟಕ್ಕೆ ಬಳಸಬಾರದು, ಮಾರಬಾರದು.

ಪರೀಕ್ಷೆ ಮತ್ತು ತಪ್ಪು ತಿಳಿವಳಿಕೆಗಳು

ನೀರಿನಲ್ಲಿ ಹಾಕಿದಾಗ ತಾಜಾ ಮೊಟ್ಟೆ ತಳದಲ್ಲಿ ಅಡ್ಡ ಮಲಗುತ್ತದೆ, ಹಳೆಯದು ನೆಟ್ಟಗೆ ನಿಲ್ಲುತ್ತದೆ, ತೀರ ಹಳೆಯದು ತೇಲುತ್ತದೆ. ತೇಲುವುದನ್ನು ಬಿಸುಡಬೇಕು. ಆದರೆ ಈ ಪರೀಕ್ಷೆ ತಿಳಿಸುವುದು ಮೊಟ್ಟೆಯ ವಯಸ್ಸನ್ನು ಮಾತ್ರ. ಮುಳುಗಿದ ಮೊಟ್ಟೆಯಲ್ಲಿಯೂ ರೋಗಾಣು ಇರಬಹುದು. ಪರೀಕ್ಷಿಸಿ ಒದ್ದೆಯಾದುದನ್ನು ಮತ್ತೆ ಸಂಗ್ರಹಿಸದೆ ಕೂಡಲೇ ಬೇಯಿಸಬೇಕು.

ಬಿರುಕು ಬಿಟ್ಟುದನ್ನು ಖರೀದಿಸಬಾರದು, ವಿತರಣೆಯಲ್ಲಿ ಬಂದರೆ ಸ್ವೀಕರಿಸಬಾರದು. ಒಡೆಯುವಾಗ ಪ್ರತಿಯೊಂದನ್ನೂ ಬೇರೆ ಬಟ್ಟಲಿಗೆ ಒಡೆದು, ದುರ್ವಾಸನೆಯಿಲ್ಲವೆಂದು ಖಚಿತಪಡಿಸಿಕೊಂಡ ಮೇಲೆ ಪಾತ್ರೆಗೆ ಸೇರಿಸಬೇಕು. ಬೆಂದ ಹಳದಿಯ ಸುತ್ತಲಿನ ಹಸಿರು ಉಂಗುರ ಹೆಚ್ಚು ಬೇಯಿಸಿದುದರ ಗುರುತೇ ಹೊರತು ವಿಷವಲ್ಲ. ಒಳಗಿನ ಸಣ್ಣ ರಕ್ತದ ಚುಕ್ಕೆಯೂ ಅಪಾಯಕರವಲ್ಲ. ಚಿಪ್ಪು ಕಂದಾಗಿದ್ದರೂ ಬಿಳಿಯಾಗಿದ್ದರೂ ಪೌಷ್ಟಿಕತೆಯಲ್ಲಿ ವ್ಯತ್ಯಾಸವಿಲ್ಲ. ಇಂತಹ ಶಂಕೆಗಳಿಂದ ಒಳ್ಳೆಯ ಮೊಟ್ಟೆಗಳು ವ್ಯರ್ಥವಾಗಬಾರದು.

ಕೆಟ್ಟ ಮೊಟ್ಟೆಗಳನ್ನು ಮನೆಯ ಹಿಂದೆ ಎಸೆಯದೆ ಗುಂಡಿ ತೋಡಿ ಹೂಳಬೇಕು. ಕಾಡಂಚಿನ ಊರುಗಳಲ್ಲಿ ಅವುಗಳ ವಾಸನೆಗೆ ನಾಯಿಗಳು ಮಾತ್ರವಲ್ಲ, ಕಾಡುಹಂದಿಗಳೂ ಬರುತ್ತವೆ. ರಟ್ಟಿನ ಟ್ರೇಗಳನ್ನು ತರಕಾರಿ ಅಥವಾ ತಿಂಡಿ ಇಡಲು ಬಳಸಬಾರದು.

ಸದಸ್ಯರು ಮಾಡಬಹುದಾದುದು

ವಾರ್ಡ್ ಸಭೆ ಹಾಗೂ ಗ್ರಾಮ ಸಭೆಗಳಲ್ಲಿ ಈ ವಿಷಯಕ್ಕೆ ಹತ್ತು ನಿಮಿಷ ಮೀಸಲಿಡುವುದು. ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಯ ಸಭೆಯಲ್ಲಿ ಆಶಾ ಹಾಗೂ ಅಂಗನವಾಡಿ ಕಾರ್ಯಕರ್ತೆಯರೊಂದಿಗೆ ಚರ್ಚಿಸುವುದು. ಮಡಕೆಯ ತಂಪು ಪೆಟ್ಟಿಗೆಯನ್ನು ಸ್ವಸಹಾಯ ಸಂಘದ ಮಹಿಳೆಯರ ಮೂಲಕ ಒಂದು ಅಂಗನವಾಡಿಯಲ್ಲಿ ಮಾಡಿ ತೋರಿಸುವುದು. ಹಾಡಿಗಳಲ್ಲಿ ಆಹಾರ ವಿತರಣೆಯ ದಿನ ಹಾಜರಿದ್ದು, ಮೊಟ್ಟೆಗಳು ಬಿರುಕಿಲ್ಲದೆ, ಒಣಗಿದ ಟ್ರೇಗಳಲ್ಲಿ ಬಂದಿವೆಯೇ ಎಂದು ನೋಡುವುದು. ಒಂದೇ ಬಾರಿಗೆ ಬರುವ ಮೊಟ್ಟೆಗಳು ಕುಟುಂಬಗಳಿಗೆ ಕೆಡದಂತೆ ಉಳಿಸಿಕೊಳ್ಳಲಾಗದಷ್ಟು ಹೆಚ್ಚಾಗಿದ್ದರೆ, ಕಂತುಗಳಲ್ಲಿ ವಿತರಿಸುವಂತೆ ಗ್ರಾಮ ಸಭೆಯಲ್ಲಿ ನಿರ್ಣಯ ಕೈಗೊಂಡು ಸಂಬಂಧಿಸಿದ ಇಲಾಖೆಗೆ ಕಳುಹಿಸುವುದು.

ಮೊಟ್ಟೆ ತಿಂದ ಬಳಿಕ ಯಾರಿಗಾದರೂ ಜ್ವರ, ಹೊಟ್ಟೆನೋವು, ವಾಂತಿ, ಭೇದಿ ಕಾಣಿಸಿಕೊಂಡರೆ ಓಆರ್‌ಎಸ್ ದ್ರಾವಣ ಕುಡಿಸುತ್ತ ಕೂಡಲೇ ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯಬೇಕು. ರೋಗಲಕ್ಷಣಗಳು ಸಾಮಾನ್ಯವಾಗಿ 6ರಿಂದ 72 ಗಂಟೆಗಳೊಳಗೆ ಕಾಣಿಸುತ್ತವೆ. ಆದ್ದರಿಂದ ಹಿಂದಿನ ಎರಡು ಮೂರು ದಿನಗಳ ಆಹಾರದ ವಿವರವನ್ನೂ ವೈದ್ಯರಿಗೆ ತಿಳಿಸಬೇಕು. ಶಿಶುಗಳು, ಗರ್ಭಿಣಿಯರು ಮತ್ತು ವೃದ್ಧರ ವಿಷಯದಲ್ಲಿ ವಿಳಂಬ ಸಲ್ಲದು.

ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಉತ್ತಮ ಪ್ರೋಟೀನ್ ಇದೆ. ಸರ್ಕಾರದ ವೆಚ್ಚದಲ್ಲಿ ಹಾಡಿಯ ಬಾಗಿಲವರೆಗೆ ಬಂದ ಆ ಪೌಷ್ಟಿಕಾಂಶ ಮಗುವಿನ ಹೊಟ್ಟೆಯನ್ನು ಸುರಕ್ಷಿತವಾಗಿ ಸೇರುವಂತೆ ನೋಡಿಕೊಳ್ಳುವ ಕೊನೆಯ ಹೆಜ್ಜೆ ಮನೆಯದು. ಆ ಹೆಜ್ಜೆಗೆ ಬೇಕಾದ ತಿಳಿವಳಿಕೆಯನ್ನು ಪ್ರತಿ ಮನೆಗೂ ತಲುಪಿಸಲು ಸದಸ್ಯರು ಸಹಕರಿಸಬೇಕೆಂದು ಕೋರಲಾಗಿದೆ.