ಮೊದಲು ನಿಲ್ಲಿಸುವುದನ್ನು ಕಲಿಯಲಿ



ತಾಳವಾಡಿ ಕಡೆಯ ಒಂದು ಮನೆ ಎಂದುಕೊಳ್ಳಿ. ಸಂಜೆ ಹಾಲು ಕರೆದಾಗಿದೆ. ಡೇರಿಗೆ ಹಾಕುವ ಹೊತ್ತು ಮೀರುತ್ತಿದೆ. ಅಪ್ಪ ಎಲೆಕೋಸಿನ ಹೊಲದಿಂದ ಇನ್ನೂ ಬಂದಿಲ್ಲ. ಅವ್ವ ಗೂಟಕ್ಕೆ ತೂಗುಹಾಕಿದ್ದ ಕೀ ತೆಗೆದು, "ಮಗಾ, ನೀನೇ ಗಾಡೀಲಿ ಹೋಗಿ ಹಾಲು ಹಾಕಿ ಬಂದ್ಬುಡು" ಅನ್ನುತ್ತಾಳೆ. ಮಗನಿಗೆ ಹದಿನೈದು ವರ್ಷ. ಅವನು ಸಂತೋಷದಿಂದ ಹೊರಡುತ್ತಾನೆ. ಮಗ ಕೆಲಸಕ್ಕೆ ಬಂದ ಎಂದು ಅವ್ವನಿಗೂ ಸಮಾಧಾನ.

ಇದು ನಮ್ಮ ಎಷ್ಟೋ ಊರುಗಳಲ್ಲಿ ದಿನವೂ ನಡೆಯುವ ಸಂಗತಿ. ಇಲ್ಲಿ ಯಾರಿಗೂ ಕೆಟ್ಟ ಉದ್ದೇಶವಿಲ್ಲ. ಆದರೂ ಆ ಕೀ ಕೈ ಬದಲಾಯಿಸಿದ ಕ್ಷಣದ ಬಗ್ಗೆಯೇ ಇಂದು ಮಾತನಾಡಬೇಕಾಗಿದೆ. 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಹತ್ತು ಸಾವುಗಳಲ್ಲಿ ನಾಲ್ಕಕ್ಕಿಂತ ಹೆಚ್ಚು ದ್ವಿಚಕ್ರ ವಾಹನದಲ್ಲಿ ಹೋಗುತ್ತಿದ್ದವರದು.

ಮೊದಲು ಕಾನೂನಿನ ಮಾತು. 1988ರ ಮೋಟಾರು ವಾಹನ ಕಾಯಿದೆಯ ಪ್ರಕಾರ 18 ವರ್ಷ ತುಂಬದವರು ಸಾರ್ವಜನಿಕ ರಸ್ತೆಯಲ್ಲಿ ಮೋಟಾರು ವಾಹನ ಓಡಿಸುವಂತಿಲ್ಲ. ಒಂದು ವಿನಾಯಿತಿ ಇದೆ. ಇಂಜಿನ್ 50 ಸಿ.ಸಿ. ಮೀರದ ಗಾಡಿಯನ್ನು 16 ತುಂಬಿದವರು ಲೈಸೆನ್ಸ್ ಪಡೆದು ಓಡಿಸಬಹುದು. ನಮ್ಮ ಹಿರಿಯರಲ್ಲಿ ಅನೇಕರು ಹಳೆಯ ಟಿವಿಎಸ್ 50 ನೆನಪಿಟ್ಟುಕೊಂಡು, "ಮೊಪೆಡ್ ತಾನೇ, ಹದಿನಾರಾದರೆ ಸಾಕು" ಅನ್ನುತ್ತಾರೆ. ಆದರೆ ಇಂದು ಹಾಲಿನ ಕ್ಯಾನು, ಹುಲ್ಲಿನ ಹೊರೆ ಹೊರುವ ಎಕ್ಸ್‌ಎಲ್ 100 ಗಾಡಿಯ ಇಂಜಿನ್ ಸುಮಾರು 100 ಸಿ.ಸಿ. ಇದೆ. ಅದಕ್ಕೂ 18 ತುಂಬಿರಲೇಬೇಕು.

2019ರ ತಿದ್ದುಪಡಿ ಇನ್ನೊಂದು ಮಾತು ಸೇರಿಸಿದೆ. ವಯಸ್ಸಾಗದ ಮಗು ಗಾಡಿ ಓಡಿಸಿ ಅಪರಾಧವಾದರೆ, ಪೋಷಕರು ಅಥವಾ ಗಾಡಿಯ ಮಾಲೀಕರೇ ತಪ್ಪಿತಸ್ಥರು. ಶಿಕ್ಷೆ 3 ವರ್ಷದವರೆಗೆ ಜೈಲು ಮತ್ತು 25,000 ರೂಪಾಯಿ ದಂಡ. ಗಾಡಿಯ ನೋಂದಣಿ 12 ತಿಂಗಳು ರದ್ದಾಗುತ್ತದೆ. ಆ ಮಗುವಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಸಿಗುವುದಿಲ್ಲ. ತಮಗೆ ತಿಳಿಯದೆ ನಡೆದದ್ದು ಎಂದು ಸಾಬೀತು ಮಾಡುವ ಹೊಣೆಯೂ ದೊಡ್ಡವರದೇ. ಸಾಲದೆಂಬಂತೆ, ಯಾರಿಗಾದರೂ ಪೆಟ್ಟಾದರೆ ಪರಿಹಾರದ ಹಣವನ್ನು ವಿಮಾ ಕಂಪನಿ ಮಾಲೀಕರಿಂದಲೇ ವಸೂಲಿ ಮಾಡಬಹುದು. ಒಂದು ಕ್ಯಾನು ಹಾಲಿಗಾಗಿ ಹೊಲವನ್ನೇ ಅಡವಿಡುವ ಸ್ಥಿತಿ ಬರಬಾರದು.

ಇನ್ನು 18 ತುಂಬಿದ ಮಕ್ಕಳ ವಿಷಯ. ಮೊದಲು ಕಲಿಯುವವರ ಲೈಸೆನ್ಸ್, ಅಂದರೆ ನಮ್ಮ ಕಡೆ ಎಲ್‌ಎಲ್‌ಆರ್ ಎಂದು ಕರೆಯುವುದು, ಪಡೆಯಬೇಕು. ಅದು 6 ತಿಂಗಳು ನಡೆಯುತ್ತದೆ. ಪಡೆದ 30 ದಿನಗಳ ನಂತರ ಚಾಲನಾ ಪರೀಕ್ಷೆಗೆ ಹೋಗಬಹುದು. ಆ 30 ದಿನಗಳನ್ನು ಕಾದು ಕೂರುವ ದಿನಗಳೆಂದು ತಿಳಿಯಬೇಡಿ. ಕಲಿಯುವುದಕ್ಕಾಗಿ ಕೊಟ್ಟ ದಿನಗಳು ಅವು. ಗಾಡಿಗೆ ಕೆಂಪು ಅಕ್ಷರದ ಎಲ್ ಫಲಕವಿರಲಿ. ಹಿಂದೆ ಲೈಸೆನ್ಸ್ ಇರುವ, ಕಲಿಸುವ ಹಿರಿಯರು ಬಿಟ್ಟರೆ ಬೇರೆ ಯಾರೂ ಕೂರಬಾರದು.

ಹಾಗಾದರೆ ಕಲಿಸುವುದು ಏನನ್ನು? ನಮ್ಮಲ್ಲಿ ಗಾಡಿ ಕಲಿಸುವುದೆಂದರೆ ಕ್ಲಚ್ಚು, ಗೇರು, ಬ್ಯಾಲೆನ್ಸು. ಮೂರು ದಿನದಲ್ಲಿ ಹುಡುಗ ಓಡಿಸಿಬಿಡುತ್ತಾನೆ. ಓಡಿಸುವುದು ಸುಲಭ, ನಿಲ್ಲಿಸುವುದೇ ಕಷ್ಟ. ಹೇಗೆಂದು ಸ್ವಲ್ಪ ಲೆಕ್ಕ ನೋಡೋಣ.

ಗಂಟೆಗೆ 40 ಕಿಲೋಮೀಟರ್ ವೇಗದ ಗಾಡಿ ಒಂದು ಸೆಕೆಂಡಿಗೆ 11 ಮೀಟರ್, ಅಂದರೆ ಸುಮಾರು 6 ಮಾರು ಮುಂದೆ ಹೋಗುತ್ತದೆ. ಎದುರಿಗೆ ಕರು ಅಡ್ಡ ಬಂದದ್ದನ್ನು ಕಣ್ಣು ಕಂಡು, ಕೈ ಬ್ರೇಕು ಹಿಡಿಯಲು ಸುಮಾರು ಒಂದು ಸೆಕೆಂಡು ಬೇಕು. ಅಷ್ಟರಲ್ಲೇ 6 ಮಾರು ಹೋಯಿತು. ಬ್ರೇಕು ಹಿಡಿದ ಮೇಲೂ ಒಣ ರಸ್ತೆಯಲ್ಲಿ ನಿಲ್ಲಲು ಹೆಚ್ಚುಕಡಿಮೆ ಇನ್ನೂ 6 ಮಾರು ಬೇಕು. ಒಟ್ಟು 12 ಮಾರು. ಅದೇ ವೇಗ 60 ಆದರೆ ಒಟ್ಟು 22 ಮಾರು ಬೇಕು. ವೇಗ ಒಂದೂವರೆ ಪಟ್ಟಾದರೆ ನಿಲ್ಲುವ ದೂರ ಸುಮಾರು ಎರಡು ಪಟ್ಟು. ಮಳೆಯಲ್ಲಿ ಇನ್ನೂ ಹೆಚ್ಚು.

ಇದನ್ನು ಬಾಯಲ್ಲಿ ಹೇಳಿದರೆ ಹುಡುಗರು ನಂಬುವುದಿಲ್ಲ. ಖಾಲಿ ಮೈದಾನದಲ್ಲಿ ಒಂದು ಕಲ್ಲು ಇಡಿ. ಕಲ್ಲಿನ ಹತ್ತಿರ ಬಂದಾಗ ಕೈ ತಟ್ಟಿ. ಗಾಡಿ ಎಲ್ಲಿ ನಿಂತಿತೆಂದು ಅವರೇ ಮಾರು ಹಾಕಿ ಅಳೆಯಲಿ. ಮೊದಲು 20ರ ವೇಗ, ಆಮೇಲೆ 30. ಮುಂದಿನ ಬ್ರೇಕು, ಹಿಂದಿನ ಬ್ರೇಕು ಎರಡನ್ನೂ ಒಟ್ಟಿಗೆ, ಹದವಾಗಿ ಹಿಡಿಯುವುದನ್ನು ಅಭ್ಯಾಸ ಮಾಡಲಿ. ಗಾಡಿಯನ್ನು ನಿಲ್ಲಿಸುವ ಶಕ್ತಿ ಹೆಚ್ಚಾಗಿ ಇರುವುದು ಮುಂದಿನ ಬ್ರೇಕಿನಲ್ಲಿ. ಆದರೆ ಅದನ್ನು ಒಮ್ಮೆಗೇ ಜಗ್ಗಿದರೆ ಚಕ್ರ ಜಾರುತ್ತದೆ. ಇದು ಕೈಗೆ ಬಂದ ಮೇಲೆ ಊರ ರಸ್ತೆ, ಹಗಲು ಹೊತ್ತು. ಆಮೇಲೆ ಹೆದ್ದಾರಿ. ರಾತ್ರಿ ಮತ್ತು ಮಳೆ ಎಲ್ಲಕ್ಕಿಂತ ಕೊನೆಯ ಪಾಠ.

ನಮ್ಮ ರಸ್ತೆಗಳಿಗೆ ತಮ್ಮದೇ ಆದ ಅಪಾಯಗಳಿವೆ. ಸುಗ್ಗಿಯಲ್ಲಿ ಹುರುಳಿ, ರಾಗಿಯನ್ನು ರಸ್ತೆಯ ಮೇಲೆ ಹರಡಿ ಒಕ್ಕಣೆ ಮಾಡುತ್ತೇವೆ. ಹುರುಳಿ ಸೊಪ್ಪಿನ ಮೇಲೆ ಬ್ರೇಕು ಹಿಡಿದರೆ ಗಾಡಿ ಜಾರದೆ ಇರುವುದಿಲ್ಲ. ಮುಂಚೆಯೇ ವೇಗ ಇಳಿಸಿ, ನೇರವಾಗಿ ಸಾಗಬೇಕು. ಕತ್ತಲಲ್ಲಿ ಹಿಂದೆ ದೀಪವಿಲ್ಲದ ಟ್ರಾಕ್ಟರ್, ಎತ್ತಿನ ಗಾಡಿ ಇರುತ್ತವೆ. ಹೆಡ್‌ಲೈಟು ಎಷ್ಟು ದೂರ ಕಾಣಿಸುತ್ತದೋ ಅಷ್ಟರೊಳಗೆ ನಿಲ್ಲುವ ವೇಗವೇ ರಾತ್ರಿಯ ವೇಗ. ಹೊಲದ ದಾರಿಯಿಂದ ದೊಡ್ಡ ರಸ್ತೆಗೆ ಬರುವಾಗ ಪೂರ್ತಿ ನಿಂತು, ಎರಡೂ ಕಡೆ ನೋಡಿಯೇ ಹತ್ತಬೇಕು.

ಸತ್ಯಮಂಗಲಕ್ಕೆ ಇಳಿಯುವವರಿಗೆ ದಿಂಬಂ ಘಾಟಿಯ 27 ತಿರುವುಗಳು ಗೊತ್ತೇ ಇವೆ. ಪೆಟ್ರೋಲ್ ಉಳಿಸಲು ಇಂಜಿನ್ ಆಫ್ ಮಾಡಿ ಇಳಿಯುವ ಚಪಲ ಕೆಲವರಿಗಿದೆ. ಆಗ ಇಡೀ ಭಾರ ಬ್ರೇಕಿನ ಮೇಲೆ ಬಿದ್ದು, ಅದು ಕಾದು ಹಿಡಿತ ಕಳೆದುಕೊಳ್ಳುತ್ತದೆ. ಏರಲು ಯಾವ ಗೇರು ಬೇಕೋ ಇಳಿಯಲೂ ಅದೇ ಗೇರು ಇರಲಿ. ಏರಿ ಬರುವ ವಾಹನಕ್ಕೆ ಮೊದಲು ದಾರಿ ಕೊಡಿ. ಕಾಡಿನಲ್ಲಿ ಆನೆ ಕಂಡರೆ ದೂರದಲ್ಲೇ ನಿಲ್ಲಿ. ಹಾರ್ನ್ ಬೇಡ, ಪಕ್ಕದಲ್ಲಿ ನುಸುಳುವುದೂ ಬೇಡ.

ಗಡಿನಾಡಿನವರಿಗೆ ಒಂದು ಅನುಕೂಲದ ಮಾತು. ತಮಿಳುನಾಡಿನಲ್ಲಿ ಪಡೆದ ಲೈಸೆನ್ಸ್ ಚಾಮರಾಜನಗರದಲ್ಲೂ ನಡೆಯುತ್ತದೆ, ದೇಶದಾದ್ಯಂತ ನಡೆಯುತ್ತದೆ. ಬೋರ್ಡಿನ ಭಾಷೆ ಗಡಿ ದಾಟಿದರೆ ಬದಲಾಗಬಹುದು, ಆಕಾರ ಬದಲಾಗದು. ದುಂಡಗಿನ ಫಲಕ ಆಜ್ಞೆ, ಪಾಲಿಸಲೇಬೇಕು. ತ್ರಿಕೋನ ಎಚ್ಚರಿಕೆ. ಚೌಕ ಅಥವಾ ಆಯತ ಮಾಹಿತಿ. ಎಂಟು ಮೂಲೆಯ ಕೆಂಪು ಫಲಕ ಕಂಡರೆ ನಿಲ್ಲಲೇಬೇಕು. ಓದು ಬಾರದ ಅಜ್ಜಿಯೂ ಮೊಮ್ಮಗನಿಗೆ ಇದನ್ನು ಹೇಳಿಕೊಡಬಹುದು.

ಹೆಲ್ಮೆಟ್ಟಿನ ವಿಷಯ ಎಲ್ಲರಿಗೂ ಗೊತ್ತು, ಆದರೂ ಅದು ಕನ್ನಡಿಗೆ ನೇತಾಡುತ್ತಿರುತ್ತದೆ. ಸರಿಯಾಗಿ ಧರಿಸಿದ ಹೆಲ್ಮೆಟ್ ಸಾವಿನ ಅಪಾಯವನ್ನು ಸುಮಾರು ಶೇಕಡಾ 40ರಷ್ಟು ಕಡಿಮೆ ಮಾಡುತ್ತದೆಂದು ಹಲವು ದೇಶಗಳ ಅಧ್ಯಯನಗಳು ತೋರಿಸಿವೆ. ಐಎಸ್‌ಐ ಗುರುತು ಇರಲಿ. ಗಲ್ಲದ ಪಟ್ಟಿ ಬಿಗಿಯಾಗಿರಲಿ. ಪಟ್ಟಿ ಹಾಕದ ಹೆಲ್ಮೆಟ್ ಬಿದ್ದ ಏಟಿಗೆ ತಲೆಗಿಂತ ಮೊದಲು ಹಾರಿಹೋಗುತ್ತದೆ. ಹಿಂದೆ ಕೂತವರಿಗೂ ಬೇಕು. ಫೋನು ಜೇಬಿನಲ್ಲೇ ಇರಲಿ. ಮೂವರು ಕೂರುವುದು ಬೇಡ. ಹೊಸಬರು ಮೊದಲ ಕೆಲವು ತಿಂಗಳು ಗೆಳೆಯರನ್ನು ಹತ್ತಿಸಿಕೊಳ್ಳದಿದ್ದರೆ ಒಳ್ಳೆಯದು. ಹಿಂದೆ ಕೂತವನು "ಇನ್ನೂ ಸ್ವಲ್ಪ ಒತ್ತೋ" ಅಂದಾಗ ಇಲ್ಲವೆನ್ನುವುದು ಆ ವಯಸ್ಸಿನಲ್ಲಿ ಕಷ್ಟ.

ಎಷ್ಟು ಎಚ್ಚರವಿದ್ದರೂ ಅಪಘಾತ ಕಂಡರೆ ಗಡಿಯ ಯಾವ ಕಡೆಯಿದ್ದರೂ 108ಕ್ಕೆ ಫೋನು ಮಾಡಿ. ಗಾಯಾಳುವಿಗೆ ಒಳ್ಳೆಯ ಮನಸ್ಸಿನಿಂದ ನೆರವಾದವರನ್ನು 2019ರ ತಿದ್ದುಪಡಿ ರಕ್ಷಿಸುತ್ತದೆ. ಹೆಸರು ಹೇಳಲೇಬೇಕೆಂಬ ಬಲವಂತವಿಲ್ಲ. ಹೆದರಿ ದೂರ ನಿಲ್ಲಬೇಡಿ.

ಕೊನೆಗೆ ತಂದೆತಾಯಂದಿರಿಗೆ ಒಂದು ಮಾತು. ಮಗು ಗಾಡಿ ಕಲಿಯಲು ತೊಡಗುವುದು ಹದಿನೆಂಟಕ್ಕಲ್ಲ, ಟ್ಯಾಂಕಿನ ಮೇಲೆ ನಮ್ಮ ಮುಂದೆ ಕೂತ ದಿನದಿಂದ. ಅಪ್ಪ ಹೆಲ್ಮೆಟ್ ಹಾಕಿದರೆ ಮಗ ಹಾಕುತ್ತಾನೆ. ಅಪ್ಪ ಕೂಡು ರಸ್ತೆಯಲ್ಲಿ ನಿಂತರೆ ಮಗಳೂ ನಿಲ್ಲುತ್ತಾಳೆ.

ಆ ಹಾಲಿನ ಕ್ಯಾನಿನ ಮನೆಗೆ ಹಿಂದಿರುಗೋಣ. ಒಂದು ಹೊತ್ತಿನ ಹಾಲು ತಪ್ಪಿದರೆ ನಷ್ಟ ಒಂದು ಹೊತ್ತಿನದು. ಡೇರಿಗೆ ಹೋಗುವ ನೆರೆಮನೆಯ ಅಣ್ಣನ ಕೈಗೆ ಕ್ಯಾನು ಕೊಟ್ಟರೂ ಆದೀತು. ಕೀ ಗೂಟದಲ್ಲೇ ಇರಲಿ. ಹುಡುಗನಿಗೆ ಹದಿನೆಂಟು ತುಂಬುತ್ತದೆ, ಎಲ್‌ಎಲ್‌ಆರ್ ಬರುತ್ತದೆ. ಆಗ ಮೈದಾನಕ್ಕೆ ಕರೆದುಕೊಂಡು ಹೋಗಿ, ಒಂದು ಕಲ್ಲು ಇಟ್ಟು, ಮೊದಲು ನಿಲ್ಲಿಸುವುದನ್ನು ಕಲಿಸಿ.