ಆರು ತಂತಿ, ಮೂರು ಊರು

ನಾನು ಸಂಗೀತಗಾರನಲ್ಲ. ಮೂವತ್ತಾರು ವರ್ಷ ಕಾಲೇಜಿನಲ್ಲಿ ಪಂಪ, ಹರಿಹರರನ್ನು ಪಾಠ ಹೇಳಿ ನಿವೃತ್ತನಾದ ಕನ್ನಡದ ಮೇಷ್ಟ್ರು. ಅದಕ್ಕೂ ಮೊದಲು, 1975ರಿಂದ 1982ರವರೆಗೆ, ಮಂಡ್ಯ ಜಿಲ್ಲೆಯ ಗಣಪತಿ ಪೆಂಡಾಲುಗಳಲ್ಲಿ ಗಿಟಾರು ಹಿಡಿದು ಕೂರುತ್ತಿದ್ದವನು ನಾನೇ ಎಂಬ ಸಂಗತಿಯನ್ನು ನನ್ನ ವಿದ್ಯಾರ್ಥಿಗಳಿಂದ ಜೋಪಾನವಾಗಿ ಮುಚ್ಚಿಟ್ಟಿದ್ದೆ. ಆಕಾಶವಾಣಿಯವರು ‘ನನ್ನ ಹವ್ಯಾಸ’ ಎಂಬ ವಿಷಯವಾಗಿ ಮಾತನಾಡಿ ಎಂದಾಗ ಇನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲವೆನ್ನಿಸಿತು. ಇಂಗ್ಲಿಷಿನ ‘ಅಮೆಚೂರ್’ ಎಂಬ ಮಾತಿಗೆ ನಾವು ಹವ್ಯಾಸಿ ಎನ್ನುತ್ತೇವೆ. ಅದರ ಲ್ಯಾಟಿನ್ ಮೂಲಕ್ಕೆ ಪ್ರೀತಿಸುವವನು ಎಂದರ್ಥ. ಆ ಅರ್ಥದಲ್ಲಿ ಮಾತ್ರ ನಾನು ಈ ವಿಷಯಕ್ಕೆ ಅಧಿಕಾರಿ.

ನಾವು ನಾಲ್ವರಿದ್ದೆವು. ಹೆಸರು ಹೇಳುವುದು ಬೇಡ, ಊರುಗಳಿಂದಲೇ ಗುರುತಿಸುತ್ತೇನೆ. ಗಿಟಾರಿನವನು ಮಂಡ್ಯದವನು, ಸಕ್ಕರೆ ಕಾರ್ಖಾನೆಯ ಸೈರನ್ನು ಕೇಳಿ ಎದ್ದು, ಕಬ್ಬಿನ ಗಾಡಿಗಳ ಸಾಲಿನ ಪಕ್ಕದಲ್ಲಿ ಶಾಲೆಗೆ ನಡೆದು ಬೆಳೆದವನು. ಹಾಡುವವನು ಮಳವಳ್ಳಿ ತಾಲ್ಲೂಕಿನ ರೈತನ ಮಗ. ತಬಲದವನೂ ನಾನೂ ಮದ್ದೂರಿನವರು. ಸಂಜೆಯ ಪ್ಯಾಸೆಂಜರ್ ಗಾಡಿಯಲ್ಲಿ ಊರಿಗೆ ಹಿಂತಿರುಗುವಾಗ ಬೋಗಿಯ ಹಲಗೆಯೇ ಅವನ ತಬಲ. ಮದ್ದೂರು ನಿಲ್ದಾಣದಲ್ಲಿ ವಡೆ ಮಾರುವವರ ಕೂಗು ಕೇಳಿಸಿದರೆ ಮುಕ್ತಾಯ.

ಆಗಿನ ಮಂಡ್ಯ ಇನ್ನೂ ಎಳೆಯ ಊರು. ಕಾರ್ಖಾನೆ ಬಂದದ್ದು 1933ರಲ್ಲಿ, ಜಿಲ್ಲೆಯಾದದ್ದು 1939ರಲ್ಲಿ. ಅಷ್ಟು ದೂರವಲ್ಲದ ಮೈಸೂರಿನ ಅರಮನೆಯಲ್ಲಿ ಕರ್ನಾಟಕ ಬ್ಯಾಂಡಿನ ಜೊತೆಗೆ ಇಂಗ್ಲಿಷ್ ಬ್ಯಾಂಡೂ ಇತ್ತು. ಜಯಚಾಮರಾಜ ಒಡೆಯರು ಸ್ವತಃ ಪಿಯಾನೋ ಬಲ್ಲವರು, ರಷ್ಯದ ಮೆಡ್ಟ್‌ನರ್ ಎಂಬ ಸಂಗೀತಗಾರನ ಕೃತಿಗಳ ಧ್ವನಿಮುದ್ರಣಕ್ಕೆ ಲಂಡನ್ನಿನಲ್ಲಿ ನೆರವಾದವರು. ನಮ್ಮ ಪಾಲಿಗೆ ಪಾಶ್ಚಾತ್ಯ ಸಂಗೀತವೆಂದರೆ ಮದುವೆ ಮೆರವಣಿಗೆಯ ಬ್ಯಾಂಡ್‌ಸೆಟ್ಟು, ಮತ್ತು ಬುಧವಾರ ರಾತ್ರಿ ರೇಡಿಯೋ ಸಿಲೋನಿನ ಬಿನಾಕಾ ಗೀತಮಾಲಾದಲ್ಲಿ ಕೇಳುತ್ತಿದ್ದ ಹಿಂದಿ ಹಾಡುಗಳ ನಡುವಣ ವಾದ್ಯಭಾಗ. ಪಲ್ಲವಿಗೂ ಚರಣಕ್ಕೂ ನಡುವೆ ನಾಲ್ಕು ಸಾಲು ಗಿಟಾರು ಕೇಳಿಸಿದರೆ ಮಂಡ್ಯದವನು ಮಾತು ನಿಲ್ಲಿಸುತ್ತಿದ್ದ.

1975ರಲ್ಲಿ ಅವನು ಬೆಂಗಳೂರಿನಿಂದ ಹಳೆಯ ಗಿಟಾರೊಂದನ್ನು ತಂದ. ಕಲಿಸುವವರಾರೂ ಇರಲಿಲ್ಲ. ವಾದ್ಯವನ್ನೇ ಗುರುವೆಂದು ಎದುರಿಗಿಟ್ಟುಕೊಂಡು ನಾವು ಅದರ ಶಾಸ್ತ್ರವನ್ನು ಕಂಡುಕೊಂಡ ಬಗೆಯನ್ನು ಸ್ವಲ್ಪ ವಿವರಿಸಬೇಕು. ಏಕೆಂದರೆ ಈ ವಾದ್ಯ ನಮ್ಮ ಹಾಡುಗಳ ಒಳಗೆ ಬಂದು ನೆಲಸಿದ್ದರೂ ಅದು ಅಲ್ಲಿ ಮಾಡುವ ಕೆಲಸವನ್ನು ಗಮನಿಸಿದವರು ಕಡಿಮೆ.

ಗಿಟಾರಿಗೆ ಆರು ತಂತಿ. ತಂತಿಯ ಉದ್ದ ಸಾಮಾನ್ಯವಾಗಿ 65 ಸೆಂಟಿಮೀಟರ್ ಆಸುಪಾಸು. ಕುತ್ತಿಗೆಯ ಮೇಲೆ ಲೋಹದ ಮೆಟ್ಟಿಲುಗಳು. ಮೊದಲನೆಯ ಮೆಟ್ಟಿಲನ್ನು ಇಡುವುದು ತಂತಿಯ ಉದ್ದದ ಸುಮಾರು 18ನೆಯ ಒಂದು ಭಾಗವನ್ನು ಬಿಟ್ಟು, ಅಂದರೆ ಮೂರೂವರೆ ಸೆಂಟಿಮೀಟರಿಗಿಂತ ತುಸು ಹೆಚ್ಚು ದೂರದಲ್ಲಿ, ಎರಡನೆಯದು ಉಳಿದ ಉದ್ದದ 18ನೆಯ ಒಂದು ಭಾಗ ಬಿಟ್ಟು, ಹೀಗೆಯೇ ಮುಂದೆ. ಆದ್ದರಿಂದ ಮೇಲೆ ಹೋದಂತೆ ಮನೆಗಳು ಕಿರಿದಾಗುತ್ತವೆ. ಹನ್ನೆರಡನೆಯ ಮೆಟ್ಟಿಲು ಸರಿಯಾಗಿ ತಂತಿಯ ನಟ್ಟನಡುವೆ ಬರುತ್ತದೆ, ಅಲ್ಲಿ ತಾರಷಡ್ಜ. ನಮ್ಮ ವೀಣೆಯಲ್ಲಿಯೂ ಲೆಕ್ಕ ಇದೇ: ಸ್ಥಾಯಿಗೆ ಹನ್ನೆರಡರಂತೆ ಎರಡು ಸ್ಥಾಯಿಗೆ 24 ಮೆಟ್ಟಿಲು. ವೀಣೆಗೂ ಗಿಟಾರಿಗೂ ಇರುವ ಈ ನೆಂಟಸ್ತನವನ್ನು ಮಂಡ್ಯದವನು ಒಂದು ದಾರದಿಂದ ಅಳೆದು ತೋರಿಸಿದಾಗ ನನಗಾದ ಸಂತೋಷ ಇನ್ನೂ ನೆನಪಿದೆ.

ವ್ಯತ್ಯಾಸವೂ ಅಷ್ಟೇ ದೊಡ್ಡದು. ವೀಣೆಯ ಮೆಟ್ಟಿಲುಗಳು ಮೇಣದ ಮೇಲೆ ಎತ್ತರವಾಗಿ ನಿಂತಿರುತ್ತವೆ. ತಂತಿಯನ್ನು ಪಕ್ಕಕ್ಕೆ ಎಳೆದು ಒಂದು ಸ್ವರದಿಂದ ಮೂರು ನಾಲ್ಕು ಸ್ವರ ಹುಟ್ಟಿಸಬಹುದು. ನಮ್ಮ ಗಮಕ ನಿಂತಿರುವುದೇ ಆ ಎಳೆತದ ಮೇಲೆ. ಗಿಟಾರಿನ ತಂತಿ ಮರಕ್ಕೆ ಹತ್ತಿರ, ಬಿಗಿಯೂ ಹೆಚ್ಚು; ಅಷ್ಟು ದೂರ ಎಳೆಯಗೊಡುವುದಿಲ್ಲ. ಈ ಕೊರತೆಯನ್ನು ದಾಟಲು ಕೆಲವರು ಹವಾಯಿ ದ್ವೀಪಗಳ ಪದ್ಧತಿಯನ್ನು ಹಿಡಿದರು. ಗಿಟಾರನ್ನು ಅಂಗಾತ ಮಲಗಿಸಿ, ಮೆಟ್ಟಿಲನ್ನು ಒತ್ತದೆ, ಉಕ್ಕಿನ ಸರಳನ್ನು ತಂತಿಯ ಮೇಲೆ ಜಾರಿಸುವ ಕ್ರಮ ಅದು. ಬ್ರಿಜ್‌ಭೂಷಣ್ ಕಾಬ್ರಾ ಅವರು ಇದೇ ಕ್ರಮದಿಂದ ಗಿಟಾರಿನಲ್ಲಿ ಹಿಂದೂಸ್ತಾನಿ ರಾಗಗಳನ್ನು ನುಡಿಸಿದರು. ಸಂತೂರಿನ ಶಿವಕುಮಾರ ಶರ್ಮಾ, ಕೊಳಲಿನ ಹರಿಪ್ರಸಾದ್ ಚೌರಾಸಿಯಾ ಅವರೊಡನೆ 1967ರಲ್ಲಿ ಅವರು ನುಡಿಸಿದ ‘ಕಾಲ್ ಆಫ್ ದಿ ವ್ಯಾಲಿ’ ಎಂಬ ಧ್ವನಿಮುದ್ರಿಕೆ ಪ್ರಸಿದ್ಧವಾದದ್ದು. ವಿಶ್ವಮೋಹನ ಭಟ್ಟರು ಅದೇ ದಾರಿಯಲ್ಲಿ ಮುಂದುವರಿದು, ತಂತಿಗಳನ್ನು ಹೆಚ್ಚಿಸಿ ಮೋಹನವೀಣೆಯನ್ನು ರೂಪಿಸಿ, 1994ರಲ್ಲಿ ಗ್ರ್ಯಾಮಿ ಪ್ರಶಸ್ತಿ ಪಡೆದರು.

ನಮಗೆ ಅಂಥ ಆಸೆಯಿರಲಿಲ್ಲ. ನಾವು ಹಿಡಿದದ್ದು ಗಿಟಾರಿನ ಇನ್ನೊಂದು ಗುಣವನ್ನು: ಒಂದೇ ಬಾರಿಗೆ ಹಲವು ಸ್ವರಗಳನ್ನು ನುಡಿಸುವ ಶಕ್ತಿಯನ್ನು. ಷಡ್ಜ, ಅಂತರ ಗಾಂಧಾರ, ಪಂಚಮ, ಈ ಮೂರನ್ನು ಒಟ್ಟಿಗೆ ಮಿಡಿದರೆ ಒಂದು ಬೆಳಕು ಹರಡುತ್ತದೆ. ಗಾಂಧಾರವನ್ನು ಒಂದೇ ಒಂದು ಮೆಟ್ಟಿಲು ಇಳಿಸಿ ಸಾಧಾರಣ ಗಾಂಧಾರ ಮಾಡಿದರೆ ಅದೇ ಬೆಳಕಿಗೆ ಮೋಡ ಕವಿಯುತ್ತದೆ. ಪಾಶ್ಚಾತ್ಯರು ಇದನ್ನು ಕಾರ್ಡ್ ಎನ್ನುತ್ತಾರೆ. ನಾವು ಸ್ವರಮೇಳವೆಂದು ಕರೆದುಕೊಂಡೆವು. ಷಡ್ಜದಿಂದ ಒಂದು, ಮಧ್ಯಮದಿಂದ ಒಂದು, ಪಂಚಮದಿಂದ ಒಂದು, ಹೀಗೆ ಮೂರು ಮೇಳಗಳು ಕೈಗೆ ಬಂದರೆ ಶಂಕರಾಭರಣದ ಧಾಟಿಯ ಎಷ್ಟೋ ಹಾಡುಗಳಿಗೆ ಸಾಕು. ಮುತ್ತುಸ್ವಾಮಿ ದೀಕ್ಷಿತರು ಇಂಗ್ಲಿಷ್ ಬ್ಯಾಂಡಿನ ಮಟ್ಟುಗಳಿಗೆ ಸಂಸ್ಕೃತ ಸಾಹಿತ್ಯ ಹೊಂದಿಸಿದಾಗ ಆ ನೋಟುಸ್ವರಗಳು ಶಂಕರಾಭರಣದಲ್ಲಿಯೇ ನಿಂತದ್ದು ಇದೇ ಕಾರಣಕ್ಕೆ. ತೋಡಿಯ ಎದುರಿಗೆ ಮಾತ್ರ ನಮ್ಮ ಮೂರು ಮೇಳಗಳು ಕೈಕಟ್ಟಿ ನಿಲ್ಲುತ್ತಿದ್ದವು.

ನಾನು ಮೊದಲು ನುಡಿಸುತ್ತಿದ್ದುದು ಹಾರ್ಮೋನಿಯಂ. ಆ ವಾದ್ಯದ ಕಥೆಯನ್ನು ಈ ಆಕಾಶವಾಣಿಯಲ್ಲಿಯೇ ಹೇಳುವುದರಲ್ಲಿ ಒಂದು ಸ್ವಾರಸ್ಯವಿದೆ. 1940ರ ಮಾರ್ಚಿಯಿಂದ ಮೂರು ದಶಕಗಳ ಕಾಲ ಆಕಾಶವಾಣಿಯಲ್ಲಿ ಹಾರ್ಮೋನಿಯಂ ನಿಷಿದ್ಧವಾಗಿತ್ತು. ಗಮಕ ನುಡಿಸಲಾರದು, ಸ್ವರಸ್ಥಾನಗಳೂ ನಮ್ಮವಲ್ಲ ಎಂಬುದು ಅದರ ಮೇಲಿನ ದೂರು. ರವೀಂದ್ರನಾಥ ಠಾಕೂರರೂ ಆ ವಾದ್ಯಕ್ಕೆ ವಿರೋಧಿಗಳಾಗಿದ್ದರು. ದೂರಿನಲ್ಲಿ ಸತ್ಯವಿಲ್ಲದಿಲ್ಲ. ಹಾರ್ಮೋನಿಯಂ, ಗಿಟಾರು ಎರಡರಲ್ಲಿಯೂ ಸ್ಥಾಯಿಯನ್ನು ಹನ್ನೆರಡು ಸಮಪಾಲು ಮಾಡಿರುತ್ತಾರೆ. ಹಾಗೆ ಹಂಚಿದಾಗ ಪಂಚಮ ಹೆಚ್ಚುಕಡಿಮೆ ಸರಿಯಾಗಿಯೇ ಉಳಿಯುತ್ತದೆ. ಅಂತರ ಗಾಂಧಾರ ಮಾತ್ರ ತಂಬೂರಿಯ ನಾದದಲ್ಲಿ ತಾನಾಗಿ ಹುಟ್ಟುವ ಗಾಂಧಾರಕ್ಕಿಂತ ತುಸು ಏರಿರುತ್ತದೆ. ಅರ್ಧಸ್ವರದ ಏಳನೆಯ ಒಂದು ಭಾಗದಷ್ಟು. ಆದರೂ ನಮ್ಮ ಹಳ್ಳಿಯ ನಾಟಕಗಳ ಹಾರ್ಮೋನಿಯಂ ಮೇಷ್ಟ್ರುಗಳು ಈ ನಿಷೇಧವನ್ನು ಲೆಕ್ಕಿಸದೆ, ಕುರುಕ್ಷೇತ್ರದ ದುರ್ಯೋಧನನಿಗೆ ಬೆಳಗಿನ ಜಾವದವರೆಗೂ ಸ್ವರ ಕೊಡುತ್ತಿದ್ದರು. ನಾನು ಕಲಿತದ್ದು ಅಂಥವರ ಪಕ್ಕದಲ್ಲಿ ಕುಳಿತು.

ಮುಂದೆ ಮಂಡ್ಯದವನ ಒತ್ತಾಯಕ್ಕೆ ನಾನೂ ಗಿಟಾರು ಹಿಡಿದೆ. ಅವನು ಮಟ್ಟನ್ನು ನುಡಿಸುವನು, ನಾನು ಹಿಂದಿನಿಂದ ಮೇಳ ಕೊಡುವವನು. ಮಳವಳ್ಳಿಯವನ ಶ್ರುತಿಗೆ ಏರಿಸಲು ಬೇಕಾದ ಹಿಡಿಕೆ ನಮ್ಮಲ್ಲಿರಲಿಲ್ಲ. ಪೆನ್ಸಿಲೊಂದನ್ನು ಮೆಟ್ಟಿಲಿನ ಹಿಂದೆ ಅಡ್ಡವಿಟ್ಟು ರಬ್ಬರ್ ಬ್ಯಾಂಡಿನಿಂದ ಬಿಗಿಯುತ್ತಿದ್ದೆವು. ಸಾಕಷ್ಟು ಸಲ ಅದು ಹಾಡಿನ ನಡುವೆ ಹಾರಿ ಮುಂದಿನ ಸಾಲಿನ ಮಕ್ಕಳ ಪಾಲಾಗುತ್ತಿತ್ತು. ರಾಜನ್-ನಾಗೇಂದ್ರ ಸಹೋದರರ, ಜಿ.ಕೆ. ವೆಂಕಟೇಶರ ಹಾಡುಗಳೇ ನಮ್ಮ ಬಂಡವಾಳ. ವೆಂಕಟೇಶರ ವಾದ್ಯಗೋಷ್ಠಿಯಲ್ಲಿ ಗಿಟಾರು ನುಡಿಸುತ್ತ ಸಹಾಯಕರಾಗಿದ್ದ ಇಳಯರಾಜ ಅವರೇ ಮುಂದೆ 1981ರಲ್ಲಿ ಶಂಕರನಾಗ್ ಅವರ ‘ಗೀತಾ’ ಚಿತ್ರಕ್ಕೆ ಸಂಗೀತ ನೀಡಿದರು. ಆ ವರ್ಷ ನಮ್ಮ ಜಿಲ್ಲೆಯಲ್ಲಿ ಗಿಟಾರು ಕಲಿಯಬೇಕೆನ್ನದ ಹುಡುಗನಿರಲಿಲ್ಲ. ಚಿತ್ರಗೀತೆಗಳ ನಡುವೆ ನಾನು ಹಟಹಿಡಿದು ಕವಿತೆಗಳನ್ನು ಸೇರಿಸುತ್ತಿದ್ದೆ. ‘ಮೈಸೂರ ಮಲ್ಲಿಗೆ’ಯ ಕೆ.ಎಸ್. ನರಸಿಂಹಸ್ವಾಮಿಗಳು ನಮ್ಮ ಜಿಲ್ಲೆಯ ಕಿಕ್ಕೇರಿಯವರು. ಅವರ ಸಾಲುಗಳ ಮೇಲೆ ಸಗಪ, ಮಧಸ ಎಂದು ಬರೆದು ಮೇಳಗಳನ್ನು ಗುರುತಿಸಿದ ಹಾಳೆಗಳು ನಮ್ಮಲ್ಲಿ ಹತ್ತಾರಿದ್ದವು. 1978ರಲ್ಲಿ ಮೈಸೂರು ಅನಂತಸ್ವಾಮಿಯವರ ‘ನಿತ್ಯೋತ್ಸವ’ ಧ್ವನಿಸುರುಳಿ ಬಂದಾಗ, ಕವಿತೆಗೂ ಕೇಳುಗರಿದ್ದಾರೆ ಎಂಬ ನನ್ನ ಹಟಕ್ಕೆ ಸಾಕ್ಷಿ ಸಿಕ್ಕಿತು.

ಒಂದು ರಾತ್ರಿಯ ಮಾತು ಹೇಳಬೇಕು. ಮಳವಳ್ಳಿ ತಾಲ್ಲೂಕಿನ ಹಳ್ಳಿಯೊಂದರಲ್ಲಿ ನಮ್ಮ ಕಾರ್ಯಕ್ರಮ. ಬಾಡಿಗೆಯ ಆಂಪ್ಲಿಫೈಯರು, ಎರಡು ಮೈಕು. ಎರಡನೆಯ ಹಾಡಿಗೇ ಕರೆಂಟು ಹೋಯಿತು. ಅದೇ ತಾಲ್ಲೂಕಿನ ಶಿವನಸಮುದ್ರದಲ್ಲಿ 1902ರಲ್ಲಿ ಹುಟ್ಟಿದ ವಿದ್ಯುತ್ತು ತೊಂಬತ್ತು ಮೈಲಿಗೂ ಹೆಚ್ಚು ದೂರ ಹರಿದು ಕೋಲಾರದ ಚಿನ್ನದ ಗಣಿಗಳನ್ನು ಬೆಳಗಿತ್ತು. ಪಕ್ಕದ ಹಳ್ಳಿಯ ಗಣಪತಿಗೆ ಮಾತ್ರ ಪೆಟ್ರೋಮ್ಯಾಕ್ಸೇ ಗತಿಯಾಯಿತು. ಜನ ಎದ್ದು ಹೋಗಲಿಲ್ಲ. ಕತ್ತಲಿನಲ್ಲಿ ಯಾರೋ ಒಬ್ಬ ಹಿರಿಯ ನೀಲಗಾರರನ್ನು ಮುಂದಕ್ಕೆ ಕರೆತಂದರು. ಮಂಟೇಸ್ವಾಮಿಯ ಒಕ್ಕಲು, ಆ ಪರಂಪರೆಯ ಮಠವಿರುವ ಬೊಪ್ಪೇಗೌಡನಪುರ ಅದೇ ತಾಲ್ಲೂಕಿನದು. ಅವರು ತಂಬೂರಿಯನ್ನು ಹೆಗಲಿಗೆ ಆನಿಸಿಕೊಂಡು, ಬೆರಳಿನಲ್ಲಿ ಗಗ್ಗರ ಹಿಡಿದು ಹಾಡತೊಡಗಿದರು.

ನಾನು ಉತ್ಸಾಹದಿಂದ ನನ್ನ ಮೂರು ಮೇಳಗಳನ್ನು ಹಾಕಲು ಹೋದೆ. ಹಾಡು ಕುಂಟಿತು. ಮಂಡ್ಯದವನು ನನ್ನ ಕೈ ಹಿಡಿದು ನಿಲ್ಲಿಸಿದ. ತನ್ನ ಗಿಟಾರಿನ ಮೊದಲನೆಯ, ಎರಡನೆಯ, ಆರನೆಯ ತಂತಿಗಳನ್ನು ಒಂದೊಂದು ಸ್ವರ ಇಳಿಸಿದ. ಆಗ ದಪ್ಪ ತಂತಿಯಿಂದ ತೆಳುವಿನವರೆಗೆ ಸ, ಪ, ಸ, ಮ, ಪ, ಸ ಎಂದಾಯಿತು. ಮಧ್ಯಮದ ತಂತಿಯನ್ನು ಮುಟ್ಟದೆ, ಉಳಿದ ಐದನ್ನು ತಂಬೂರಿಯ ಶ್ರುತಿಗೆ ಕೂಡಿಸಿ, ಮೆಲ್ಲಗೆ ಮಿಡಿಯುತ್ತ ಕುಳಿತ. ಅಂದು ನನಗೆ ತಿಳಿದದ್ದು ಇಷ್ಟು. ಸ್ವರಮೇಳದ ಸಂಗೀತದಲ್ಲಿ ಹಾಡಿನ ಕೆಳಗಿನ ನೆಲವೇ ಚಲಿಸುತ್ತದೆ. ಒಂದೇ ಸ್ವರವನ್ನು ಹಿಡಿದಿದ್ದರೂ ಅಡಿಯ ಮೇಳ ಬದಲಾದರೆ ಅದರ ಭಾವ ಬದಲಾಗುತ್ತದೆ. ತಂಬೂರಿಯ ಸಂಗೀತದಲ್ಲಿ ನೆಲ ಕದಲುವುದಿಲ್ಲ. ಹಾಡುವವನೇ ದೂರ ಹೋಗಿ ಹಿಂತಿರುಗುತ್ತಾನೆ. ಎರಡನ್ನೂ ಒಮ್ಮೆಗೇ ಮಾಡಹೊರಟದ್ದು ನನ್ನ ತಪ್ಪು. ಯಾವ ಪುಸ್ತಕವನ್ನೂ ಓದದೆ ಅದನ್ನು ಕೇಳಿಸಿಕೊಂಡದ್ದು ಅವನ ಕಿವಿ. ಆ ರಾತ್ರಿ ಕರೆಂಟು ಬಂದಾಗ ಯಾರೂ ಮೈಕು ಹಚ್ಚಲಿಲ್ಲ.

1981ರಲ್ಲಿ ನನಗೆ ಅಧ್ಯಾಪಕ ವೃತ್ತಿ ದೊರೆಯಿತು. ಮರುವರ್ಷ ಗಣಪತಿ ಹಬ್ಬಕ್ಕೆ ಮಂಡ್ಯದಲ್ಲಿ ನಮ್ಮ ಕಾರ್ಯಕ್ರಮ ಗೊತ್ತಾಗಿತ್ತು. ಹಿರಿಯ ಸಹೋದ್ಯೋಗಿಯೊಬ್ಬರು ನಗುತ್ತಲೇ, ‘ಬೆಳಿಗ್ಗೆ ಪಂಪ, ರಾತ್ರಿ ಪೆಂಡಾಲೋ?’ ಎಂದರು. ಅವರು ತಡೆಯಲಿಲ್ಲ, ಬೆದರಿಸಲಿಲ್ಲ. ಆ ಒಂದು ನಗೆಯೇ ನನಗೆ ಸಾಕಾಯಿತು. ಜ್ವರವೆಂದು ಹೇಳಿಕಳುಹಿಸಿ ಮನೆಯಲ್ಲಿಯೇ ಉಳಿದೆ. ಅವನು ಒಬ್ಬನೇ ಮಟ್ಟನ್ನೂ ಮೇಳವನ್ನೂ ನಿಭಾಯಿಸಿದನೆಂದು ಆಮೇಲೆ ಕೇಳಿದೆ. ಮರುದಿನ ಸೈಕಲ್ಲಿನ ಮೇಲೆ ಬಂದು ಜ್ವರ ವಿಚಾರಿಸಿ, ಕಿತ್ತಳೆ ಹಣ್ಣು ಕೊಟ್ಟು ಹೋದ. ಜ್ವರವಿಲ್ಲದ ಮುಖವನ್ನು ಅವನು ನೋಡಿದ. ನೋಡಿದ್ದನ್ನು ನಾನೂ ನೋಡಿದೆ. ಮತ್ತೆಂದೂ ಅವನು ನನ್ನನ್ನು ನುಡಿಸಲು ಕರೆಯಲಿಲ್ಲ. ಸ್ನೇಹವೇನೋ ಉಳಿಯಿತು, ಮದುವೆ, ಗೃಹಪ್ರವೇಶಗಳಲ್ಲಿ ಭೇಟಿಯಾಗುತ್ತಿದ್ದೆವು. ಸಂಗೀತದ ಮಾತು ಬರುತ್ತಿರಲಿಲ್ಲ. ಮುಂದೆ ಒಂದು ಬೆರಳೊತ್ತಿದರೆ ಮೇಳವನ್ನೂ ತಾಳವನ್ನೂ ತಾನೇ ಕೊಡುವ ಎಲೆಕ್ಟ್ರಾನಿಕ್ ಕೀಬೋರ್ಡುಗಳು ಬಂದವು. ಹಿಂದೆ ಕುಳಿತು ಮೇಳ ಕೊಡುವವರ ಅಗತ್ಯವೇ ಕಡಿಮೆಯಾಗಿ, ನಮ್ಮಂಥ ಸಣ್ಣ ಗೋಷ್ಠಿಗಳು ಒಂದೊಂದಾಗಿ ಕರಗಿದವು.

2019ರಲ್ಲಿ ಅವನು ತೀರಿಕೊಂಡ. ತಿಂಗಳಾದ ಮೇಲೆ ಅವನ ಮಗಳು ಗಿಟಾರನ್ನು ತಂದು ನಮ್ಮ ಮನೆಯಲ್ಲಿ ಬಿಟ್ಟಳು. ಯಾರಿಗೆ ಸೇರಬೇಕೆಂದು ಅವನು ಮೊದಲೇ ಹೇಳಿದ್ದನಂತೆ. ಚೀಲದ ಜೇಬಿನಲ್ಲಿ ಒಂದು ಪೆನ್ಸಿಲ್ ತುಂಡು, ನನ್ನ ಕೈಬರಹದಲ್ಲಿ ಮೇಳಗಳನ್ನು ಗುರುತಿಸಿದ ಹಳದಿಗಟ್ಟಿದ ಹಾಳೆಗಳು, ಮತ್ತು 1982ರ ಆ ಕಾರ್ಯಕ್ರಮದ ಪಟ್ಟಿ ಇದ್ದವು. ಪಟ್ಟಿಯಲ್ಲಿ ಎರಡನೆಯ ಗಿಟಾರಿನ ಎದುರಿಗೆ ನನ್ನ ಹೆಸರಿತ್ತು. ಅದನ್ನು ಹೊಡೆದುಹಾಕಿರಲಿಲ್ಲ.

ಈಗ ಸಂಜೆ ಹೊತ್ತು ಅದನ್ನು ತೆಗೆದು ಶ್ರುತಿ ಮಾಡುತ್ತೇನೆ. ಬೆರಳುಗಳು ಮೊದಲಿನಂತಿಲ್ಲ, ಮೂರು ಮೇಳಗಳಲ್ಲಿ ಎರಡು ನೆಟ್ಟಗೆ ಬರುತ್ತವೆ. ಮಟ್ಟು ನುಡಿಸುವವನಿಲ್ಲದೆ ಬರಿಯ ಮೇಳ ಕೇಳಲು ಅಷ್ಟೇನೂ ಚೆನ್ನಾಗಿರುವುದಿಲ್ಲ. ಬೀದಿಯ ಹುಡುಗನೊಬ್ಬ ಕಲಿಸಿಕೊಡಿ ಎಂದು ಕೇಳಿಕೊಂಡು ಬಂದಿದ್ದಾನೆ. ಮೊದಲ ದಿನ ಅವನ ಕೈಗೆ ಒಂದು ದಾರ ಕೊಟ್ಟು, ಹನ್ನೆರಡನೆಯ ಮೆಟ್ಟಿಲು ಎಲ್ಲಿದೆಯೆಂದು ಅಳೆದು ನೋಡು ಎಂದಿದ್ದೇನೆ.

(ಆಕಾಶವಾಣಿಯ ಕೃಪೆ)